ಎರಡಕ್ಷರದ ಬಟನ್

2022ರ ಜೂನ್ ತಿಂಗಳಲ್ಲಿ ನಾನು ಸೇಡಂನ ಒಂದು ಸೇವಾ ಟ್ರಸ್ಟಿಗೆ ಒಂದು ವರ್ಷದ ಕರಾರಿನ ಮೇಲೆ ಇಂಟರ್‌ಫೇಸ್ ಡಿಸೈನರ್ ಆಗಿ ಸೇರಿದೆ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಹೈದರಾಬಾದಿನಲ್ಲಿ ಇದೇ ಕೆಲಸ ಮಾಡಿದ್ದೆ. ಮಗಳು ಮಾಡುವುದೇನು ಎಂದು ಯಾರಾದರೂ ಕೇಳಿದರೆ ನಮ್ಮ ಅವ್ವ, "ಕಂಪ್ಯೂಟರಿಗೆ ಬೋರ್ಡ್ ಬರೀತಾಳ" ಎಂದು ಹೇಳಿ ಮುಗಿಸುತ್ತಿದ್ದಳು. ನನಗೆ ಆಗ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಅದಕ್ಕಿಂತ ಸರಿಯಾದ ವಿವರಣೆ ನನಗೂ ಹೊಳೆಯುವುದಿಲ್ಲ. ಕಂಪ್ಯೂಟರಿನ ಒಳಗಿನ ಲೆಕ್ಕಾಚಾರ ಬರೆಯುವವರು ಬೇರೆ. ಪರದೆಯ ಮೇಲೆ ಏನು ಕಾಣಬೇಕು, ಯಾವ ಬಟನ್ ಎಲ್ಲಿರಬೇಕು, ಅದರ ಮೇಲೆ ಏನು ಬರೆದಿರಬೇಕು, ಒತ್ತಿದರೆ ಎಲ್ಲಿಗೆ ಹೋಗಬೇಕು, ಹೋದವರು ಹೇಗೆ ವಾಪಸು ಬರಬೇಕು ಎಂಬುದನ್ನು ತೀರ್ಮಾನಿಸುವುದು ನನ್ನ ಕೆಲಸ.

ಟ್ರಸ್ಟಿನ ಕಾರ್ಯದರ್ಶಿ ಜೋಶಿ ಸರ್. ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದವರು, ಒಂದು ಕಾಲಕ್ಕೆ ನನ್ನ ತಂದೆಯ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತವರು. ಅವರ ಟ್ರಸ್ಟು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯಲ್ಲಿ ಒಂದೊಂದು ಕಣ್ಣಿನ ತಪಾಸಣಾ ಕೇಂದ್ರ ನಡೆಸುತ್ತಿತ್ತು. ನಮ್ಮ ಕಡೆಯ ಕಣ್ಣುಗಳಿಗೆ ಕೆಲಸ ಜಾಸ್ತಿ: ಕಲ್ಲಿನ ಗಣಿಯ ಪುಡಿ, ಸಿಮೆಂಟಿನ ಧೂಳು, ಅದರ ಮೇಲೆ ಬಿಸಿಲು. ಪೊರೆ ಬಂದವರಿಗೆ ಸೇಡಂನಲ್ಲಿ ಆಪರೇಷನ್. ಆಮೇಲೆ ಮೊದಲ ವಾರದ ಮರುಭೇಟಿ ಅವರವರ ಊರಿನ ಕೇಂದ್ರದಲ್ಲಿ. ಆರನೆಯ ವಾರ ಕನ್ನಡಕದ ಅಳತೆಗೆ ಮತ್ತೆ ಸೇಡಂಗೆ. ಯಾರು ಯಾವತ್ತು ಬರಬೇಕು ಎಂಬ ಪಟ್ಟಿ ಕೈತಪ್ಪಿದರೆ ಆಪರೇಷನ್ ಆದ ಕಣ್ಣು ಅರ್ಧಕ್ಕೇ ನಿಲ್ಲುತ್ತದೆ. ಈ ಪಟ್ಟಿಯನ್ನು ಐದೂ ಕೇಂದ್ರಗಳು ಒಂದೇ ತಂತ್ರಾಂಶದಲ್ಲಿ ಬರೆಯಬೇಕು ಎಂದು ಜೋಶಿ ಸರ್ ಹಟ ಹಿಡಿದಿದ್ದರು.

ತಂತ್ರಾಂಶವೇನೋ ಇತ್ತು, ದಾನವಾಗಿ ಬಂದದ್ದು, ಇಂಗ್ಲಿಷಿನಲ್ಲಿ. ಮೇಲ್ಗಡೆ ಏಳು ಮೆನು, ಅವುಗಳ ಹೊಟ್ಟೆಯೊಳಗೆ ನಲವತ್ತಾರು ಆಯ್ಕೆಗಳು. ನಾನು ಮೊದಲ ಎರಡು ವಾರ ಏನನ್ನೂ ಬರೆಯದೆ ಒಂದೊಂದು ಕೇಂದ್ರದಲ್ಲಿ ಕುಳಿತು, ಯಾರು ಏನನ್ನು ಒತ್ತುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡೆ. ಚಿಂಚೋಳಿ ಕೇಂದ್ರ ಊರಿಗೆ ಹೊಂದಿದ ಚಂದಾಪುರದ ಕಡೆಗಿತ್ತು; ಅಲ್ಲಿಯ ಗುಮಾಸ್ತರು ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ "ಮೂರನೇದು, ಕೆಳಗಿಂದ ಎರಡನೇದು" ಎಂದಷ್ಟೇ ಇತ್ತು. ಎಲ್ಲ ಕೇಂದ್ರ ಸುತ್ತಿ ಬಂದ ಮೇಲೆ ಎಣಿಸಿದರೆ, ನಲವತ್ತಾರರಲ್ಲಿ ಬಳಕೆಯಲ್ಲಿದ್ದದ್ದು ಒಂಬತ್ತು. ಉಳಿದ ಮೂವತ್ತೇಳು ಅಲ್ಲಿ ಇದ್ದದ್ದು ಜನರನ್ನು ಹೆದರಿಸಲಿಕ್ಕೆ ಮಾತ್ರ.

ಕಿತ್ತು ಎಸೆಯುವ ಕೆಲಸ ನನಗೆ ಪ್ರೀತಿಯದು. ನಾನು ಒಪ್ಪವಿಲ್ಲದ್ದನ್ನು ಕಂಡರೆ ಊಟ ಸೇರದವಳು. ಏಳು ಮೆನು ಹೋಗಿ ಮೊದಲ ಪರದೆಯಲ್ಲಿ ಐದು ದೊಡ್ಡ ಬಟನ್ ಬಂದವು: ಹೊಸ ರೋಗಿ, ಹುಡುಕು, ಇಂದಿನ ಪಟ್ಟಿ, ಮರುಭೇಟಿ, ಮುಗಿಸು. ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಎರಡು ಸಲಕ್ಕಿಂತ ಹೆಚ್ಚು ಒತ್ತಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ. ಇಂದಿನ ಪಟ್ಟಿಯಲ್ಲಿ ಒಬ್ಬರ ಹೆಸರನ್ನು ಆರಿಸಿಕೊಂಡರೆ ಕೆಳಗೆ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಮೂರು ಬಟನ್: ರೋಗಿಯ ಕಾರ್ಡನ್ನು ತೋರಿಸಲು 'ವಿವರ', ಬದಲಾಯಿಸಲು 'ತಿದ್ದು', ಬೇಡವಾದ ಕಾರ್ಡನ್ನು ಪಟ್ಟಿಯಿಂದ ಆಚೆ ಹಾಕಲು ಇನ್ನೊಂದು.

ಈ ಮೂರನೆಯ ಬಟನ್ನಿನ ಮೇಲೆ ಏನು ಬರೆಯುವುದು ಎಂಬುದಕ್ಕೆ ನಾನು ಅರ್ಧ ದಿನ ಕಳೆದೆ. ಪದಗಳಿಗೆಂದೇ ನನ್ನ ಬಳಿ ಒಂದು ಪಟ್ಟಿ ಇರುತ್ತಿತ್ತು. ಎಡಗಡೆಯ ಕಾಲಂನಲ್ಲಿ ಇಂಗ್ಲಿಷ್ ಪದ, ನಡುವೆ ಕನ್ನಡ ಪದ, ಬಲಗಡೆ ಅಕ್ಷರಗಳ ಸಂಖ್ಯೆ. ಎಡಗಡೆ 'ರಿಮೂವ್' ಎಂದಿತ್ತು. 'ಅಳಿಸು' ಎಂದು ಬರೆದು ಹೊಡೆದುಹಾಕಿದೆ. ಒಂದು, ಕಾರ್ಡು ನಿಜವಾಗಿ ಅಳಿಸಿಹೋಗುವುದಿಲ್ಲ, ಒಳಗೊಂದು ಕಡೆ ಉಳಿದಿರುತ್ತದೆ. ಎರಡು, ಅಳಿಸು ಎಂದರೆ ಕಣ್ಣೀರು ಹಾಕಿಸುವುದೂ ಹೌದು. ಕಣ್ಣಿನ ಆಸ್ಪತ್ರೆಗೆ ಈ ಪದ ಬೇಡ ಎಂದು ಒಬ್ಬಳೇ ನಕ್ಕು, ಎರಡರ್ಥ ಹಿಡಿದ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಆಮೇಲೆ 'ತೆಗೆದುಹಾಕು' ಎಂದು ಬರೆದೆ. ಐದು ಅಕ್ಷರ. ಚಾಳೀಸು ಬಂದವರಿಗೂ ಕಾಣಲಿ ಎಂದು ನಾನು ದೊಡ್ಡ ಅಕ್ಷರ ಇಟ್ಟಿದ್ದರಿಂದ ಅದು ಎರಡು ಸಾಲಾಗಿ ಒಡೆದು, ಮೂರು ಬಟನ್ನುಗಳ ಸಾಲು ಕೆಟ್ಟುಹೋಯಿತು. ಬಾಲದ 'ದುಹಾಕು' ಕತ್ತರಿಸಿದೆ. 'ತೆಗೆ' ಎಂದು ಉಳಿಯಿತು. ಎರಡೇ ಅಕ್ಷರ, ಚೊಕ್ಕಟವಾಗಿ ನಡುವೆ ಕೂತಿತು.

ಚಿತ್ತಾಪುರ ಕೇಂದ್ರದ ಗುಮಾಸ್ತೆ ಶಾಂತಾಬಾಯಿ. ಸನ್ನತಿಯ ಕಡೆಯವರು, ವಯಸ್ಸು ನಲವತ್ನಾಲ್ಕು. ಮನೆಯಲ್ಲಿ ಎಲ್ಲರೂ ಹೊಲದ ಕೆಲಸದವರು; ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ ಹಿಡಿದ ಮೊದಲನೆಯವರು ಇವರೇ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟು, ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಮತ್ತೆ ಓದಿ ಹತ್ತನೆಯ ತರಗತಿ ಪಾಸಾಗಿದ್ದರು. ಹನ್ನೊಂದು ವರ್ಷದಿಂದ ಆ ಕೇಂದ್ರದ ರಿಜಿಸ್ಟರ್ ಬರೆಯುತ್ತಿದ್ದರು. ನಾನು ಆ ರಿಜಿಸ್ಟರುಗಳನ್ನು ನೋಡಿದ್ದೇನೆ. ಅಕ್ಷರಗಳು ದುಂಡಗೆ, ಒಂದಕ್ಕೊಂದು ತಾಗದಂತೆ, ಎಲ್ಲಿಯೂ ತಿದ್ದಿದ ಗುರುತಿಲ್ಲ. ಉಳಿದ ನಾಲ್ಕು ಕೇಂದ್ರಗಳ ಗುಮಾಸ್ತರಿಗೆ ಕಂಪ್ಯೂಟರ್ ಮೊದಲೇ ಅಷ್ಟಿಷ್ಟು ಗೊತ್ತಿತ್ತು. ಅಲ್ಲಿಯತನಕ ರಿಜಿಸ್ಟರಿನಲ್ಲೇ ಬರೆಯುತ್ತಿದ್ದ ಶಾಂತಾಬಾಯಿ ಮೌಸ್ ಹಿಡಿದದ್ದು ನನ್ನ ತರಬೇತಿಯ ದಿನವೇ.

ಅವತ್ತು ನಾನು ಅವರಿಗೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಏನೂ ಬಾಯಿಪಾಠ ಮಾಡಬ್ಯಾಡ್ರಿ. ಬಟನ್ ಮ್ಯಾಲ ಏನ್ ಬರದದ ಓದ್ರಿ, ಅದು ಹೇಳಿದಂಗ ಮಾಡ್ರಿ." ಅವರು ತಲೆಯಾಡಿಸಿದರು. ಸಂಜೆಯತನಕ ಹನ್ನೆರಡು ಹೊಸ ರೋಗಿಗಳ ಹೆಸರು ಬರೆದರು, ಒಂದೂ ತಪ್ಪಾಗಲಿಲ್ಲ. ಮೊದಲ ದಿನ ಇದ್ದವರೆಲ್ಲ ಹೊಸ ರೋಗಿಗಳೇ. ಮರುಭೇಟಿಗೆ ಬರುವವರು ಯಾರೂ ಇನ್ನೂ ಕಂಪ್ಯೂಟರಿನಲ್ಲಿ ಇರಲಿಲ್ಲ. ಹೀಗಾಗಿ ಆ ಮೂರು ಬಟನ್ನುಗಳ ಸಾಲನ್ನು ಅವರು ಮುಟ್ಟುವ ಪ್ರಸಂಗವೇ ಬರಲಿಲ್ಲ. ನಾನು 'ಚಿತ್ತಾಪುರ: ತೊಂದರೆ ಇಲ್ಲ' ಎಂದು ಬರೆದುಕೊಂಡು ರೈಲು ಹಿಡಿದೆ.

ಜುಲೈ ನಡುವೆ ಶಾಂತಾಬಾಯಿಯ ಫೋನು ಬಂತು. ವಾಪಸು ಬಂದ ರೋಗಿಗಳ ಕಾರ್ಡು ಪರದೆಯ ಮೇಲೆ ಬರುತ್ತಿಲ್ಲ ಎಂದರು. ನೆಟ್‌ವರ್ಕ್ ನಿಧಾನ ಇರಬೇಕು, ಸ್ವಲ್ಪ ತಡೆಯಿರಿ ಎಂದೆ. ಮುಂದಿನ ವಾರ ಮತ್ತೆ ಫೋನು, ಮತ್ತೆ ಅದೇ ದೂರು. ಉಳಿದ ನಾಲ್ಕು ಕಡೆ ಎಲ್ಲ ಸರಿಯಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನ್ನ ಮನಸ್ಸಿನಲ್ಲಿ ಬಂದದ್ದು ಸುಳ್ಳಲ್ಲ. ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ. ಮೂರನೆಯ ಸಲ ಅವರು ಫೋನು ಮಾಡಲಿಲ್ಲ.

ಆಗಸ್ಟ್ ಮೂರನೆಯ ವಾರ ಸನ್ನತಿಯಿಂದ ಭೀಮಬಾಯಿ ಎಂಬ ಮುದುಕಿ ಕನ್ನಡಕದ ಅಳತೆಗೆಂದು ಸೇಡಂಗೆ ಬಂದಳು. ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ. ಆಪರೇಷನ್ ಆದ ಕಣ್ಣನ್ನು ತೋರಿಸುತ್ತಿದ್ದಾಳೆ, ಆದರೆ ಕಂಪ್ಯೂಟರಿನ ಪ್ರಕಾರ ಅಂಥ ರೋಗಿಯೇ ಇಲ್ಲ. ಯಾವ ಕಣ್ಣಿಗೆ ಯಾವ ಲೆನ್ಸ್ ಹಾಕಿದೆ ಎಂಬುದೂ ಆ ಕಾರ್ಡಿನಲ್ಲೇ ಇತ್ತು. ಅವಳನ್ನು ಹಾಗೇ ವಾಪಸು ಕಳಿಸಬೇಕಾಯಿತು. ಹುಡುಕುತ್ತ ಹೋದಾಗ ಒಂದಲ್ಲ ಎರಡಲ್ಲ, ಚಿತ್ತಾಪುರದ ಮೂವತ್ತೊಂದು ಕಾರ್ಡುಗಳು ಕಾಣೆಯಾಗಿದ್ದವು. ಮೂವತ್ತೊಂದೂ ಆಪರೇಷನ್ ಆಗಿ ಮೊದಲ ವಾರದ ಮರುಭೇಟಿಗೆ ಬಂದವರವು.

ಒಳಗೆ ಉಳಿದಿದ್ದ ಕಾರ್ಡುಗಳನ್ನು ನಾನು ಒಂದು ಗಂಟೆಯಲ್ಲಿ ವಾಪಸು ತಂದೆ. ಆದರೆ ಜೋಶಿ ಸರ್‌ಗೆ ಕಾರಣ ಬೇಕಿತ್ತು, ಅದು ನ್ಯಾಯವೂ ಆಗಿತ್ತು. ಲಾಗ್ ತೆರೆದೆ. ಲಾಗ್ ಎಂದರೆ ಯಾರು ಎಷ್ಟು ಹೊತ್ತಿಗೆ ಯಾವ ಬಟನ್ ಒತ್ತಿದರು ಎಂದು ಯಂತ್ರ ತಾನೇ ಬರೆದಿಡುವ ದಿನಚರಿ, ಅದು ಇಂಗ್ಲಿಷಿನಲ್ಲಿತ್ತು. ಶಾಂತಾಬಾಯಿಯ ಹೆಸರಿನ ಮುಂದೆ ಮೂವತ್ತೊಂದು ಸಾಲು. ಪ್ರತಿ ಸಾಲಿನಲ್ಲೂ ಮೊದಲು 'ರಿಮೂವ್', ಆಮೇಲೆ 'ಎಸ್'. ಹೌದೋ ಬೇಡವೋ ಎಂದು ಯಂತ್ರ ಪ್ರತಿ ಸಲವೂ ಕೇಳಿದೆ, ಅವರು ಪ್ರತಿ ಸಲವೂ ಹೌದು ಅಂದಿದ್ದಾರೆ. ಜೋಶಿ ಸರ್ ಅದನ್ನು ನೋಡಿ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದರು. ನನ್ನ ಅಭಿಪ್ರಾಯವನ್ನು ಬರೆದು ಕೊಡಲು ಹೇಳಿದರು. ನಾನು ಎರಡೇ ವಾಕ್ಯ ಬರೆದೆ: 'ತಂತ್ರಾಂಶದಲ್ಲಿ ದೋಷವಿಲ್ಲ. ಇದು ಬಳಕೆದಾರರ ತಪ್ಪು.' ಕೆಳಗೆ ಸಹಿ ಹಾಕಿದೆ.

ಆ ಶನಿವಾರ ಸೇಡಂನಲ್ಲಿ ಐದೂ ಕೇಂದ್ರಗಳ ಸಭೆ. ಮಳೆ ಬಂದು ನಿಂತ ಸೆಕೆ. ಜೋಶಿ ಸರ್ ಕೂರುತ್ತಲೇ ಕಿಟಕಿ ತೆಗೆಯಲು ಹೇಳಿದರು. ಹತ್ತಿರವಿದ್ದ ಶಾಂತಾಬಾಯಿಯೇ ಎದ್ದು ತೆಗೆದು ಬಂದು ಕುಳಿತರು. ಹಳೆಯ ರಿಜಿಸ್ಟರೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದನ್ನು ಬಿಚ್ಚಿ ತೋರಿಸುವ ಅವಕಾಶ ಅವರಿಗೆ ಬರಲಿಲ್ಲ. ಜೋಶಿ ಸರ್ ನನ್ನ ಎರಡು ವಾಕ್ಯ ಓದಿದರು, ಲಾಗಿನ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಕಂಪ್ಯೂಟರ್ ಬೇಡವಾದವರು ಹೀಗೆಲ್ಲ ಮಾಡುವುದುಂಟು ಎಂದು ಯಾರೋ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಇಷ್ಟು ಕಾರ್ಡು ಯಾಕೆ ಅಳಿಸಿದಿರಿ ಎಂದು ಜೋಶಿ ಸರ್ ಕೇಳಿದರು.

ಶಾಂತಾಬಾಯಿ ಎದ್ದು ನಿಂತರು. "ನಾ ಒಂದೂ ಅಳಿಸಿಲ್ರಿ ಸರ. ತೆಗದೀನಿ, ಅದು ಖರೆ. ಮಶೀನ್ ಕೇಳ್ತು, ಹೌದಂದೀನಿ."

ಸಭೆಯಲ್ಲಿ ಒಂದಿಬ್ಬರು ನಕ್ಕರು. ಅಳಿಸಿಲ್ಲವಂತೆ, ತೆಗೆದಿದ್ದಾರಂತೆ! ಇದು ತಪ್ಪೊಪ್ಪಿಗೆಯೋ ಮಾತಿನ ಆಟವೋ ಎಂದು ಜೋಶಿ ಸರ್ ನನ್ನ ಮುಖ ನೋಡಿದರು. ನಾನೂ ಅದನ್ನು ತಪ್ಪೊಪ್ಪಿಗೆ ಎಂದೇ ಕೇಳಿಸಿಕೊಂಡೆ. ಜೋಶಿ ಸರ್ ಕೆಟ್ಟವರಲ್ಲ. ಬೈಯಲಿಲ್ಲ, ದನಿ ಏರಿಸಲಿಲ್ಲ. ಸೆಪ್ಟೆಂಬರ್ ಮುಗಿಯುವತನಕ ಇರಲಿ, ಆಮೇಲೆ ಚಿತ್ತಾಪುರಕ್ಕೆ ಕಂಪ್ಯೂಟರ್ ಬಲ್ಲವರನ್ನು ನೋಡೋಣ ಎಂದಷ್ಟೇ ಅಂದರು. ಹನ್ನೊಂದು ವರ್ಷದ ಕೆಲಸ ಹಾಗೆ ಮೆತ್ತಗಿನ ದನಿಯಲ್ಲಿ ಮುಗಿಯಿತು. ಶಾಂತಾಬಾಯಿ ರಿಜಿಸ್ಟರಿನ ಬಟ್ಟೆಯ ಗಂಟನ್ನು ಇನ್ನೊಂದು ಸಲ ಬಿಗಿಮಾಡಿ ಹೊರಟರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನೋಡದವಳಂತೆ ಕಾಗದ ಜೋಡಿಸಿದೆ.

ಸೋಮವಾರ ನನ್ನನ್ನು ಚಿತ್ತಾಪುರಕ್ಕೆ ಕಳಿಸಿದರು. ಶಾಂತಾಬಾಯಿಯ ಕೈಯಲ್ಲಿದ್ದ ಕೆಲಸವನ್ನೆಲ್ಲ ಬರೆದುಕೊಂಡು, ಮುಂದೆ ಬರುವವರಿಗೆ ಸಿದ್ಧ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಅವರು ಜಗಳಕ್ಕೆ ನಿಂತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು "ಬರ್ರಿ ಮೇಡಂ, ಕುಂದ್ರಿ" ಎಂದು ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟು, ಚಹಾ ತರಿಸಿ, ಸ್ಟೂಲಿನ ಮೇಲೆ ಕುಳಿತರು. ಆಮೇಲೆ ಡ್ರಾಯರಿನಿಂದ ನೂರು ಪುಟದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಸಭೆಗೆ ಇದನ್ನು ತರಬೇಕೆಂದು ಹೊಳೆದಿರಲಿಲ್ಲವಂತೆ. ಮೊದಲಿನ ರಿಜಿಸ್ಟರ್ ಚೆನ್ನಾಗಿತ್ತೆಂದು ಅದನ್ನು ತಂದಿದ್ದರಂತೆ.

ನೋಟ್‌ಬುಕ್ಕಿನಲ್ಲಿ ಕಾಣೆಯಾದ ಒಬ್ಬೊಬ್ಬ ರೋಗಿಯ ಹೆಸರೂ ಇತ್ತು. ತಾರೀಖು, ಯಾವ ಕಣ್ಣು, ಯಾವ ಹನಿ ಔಷಧ, ಮುಂದಿನ ಸಲ ಯಾವಾಗ, ಎಲ್ಲ ಇತ್ತು. ಕಂಪ್ಯೂಟರ್ ಕೈಕೊಟ್ಟರೂ ರೋಗಿಯ ಲೆಕ್ಕ ತಪ್ಪಬಾರದೆಂದು ಬರೆದಿಟ್ಟಿದ್ದರು. ಪ್ರತಿ ಹೆಸರಿನ ಕೊನೆಗೆ ಒಂದೇ ಮಾತು, ಮೂವತ್ತೊಂದು ಸಲ: 'ಕಾರ್ಡ್ ತೆಗೆದೆ. ಬರಲಿಲ್ಲ.'

ನಾನು ಆ ಮಾತಿನ ಮೇಲೆ ತಡೆದೆ. ತೆಗೆದುಹಾಕಿದ ಮೇಲೆ ಅದು ಬರುವುದೆಲ್ಲಿಂದ? ಬರಲಿಲ್ಲ ಎಂದು ಬರೆಯಬೇಕಾದರೆ ಬರುತ್ತದೆ ಎಂದು ಕಾದಿರಬೇಕು. ನಾನು ಹೀಗೆ ಯೋಚಿಸುತ್ತಿರುವಾಗ ಪರದೆ ಕಟ್ಟಿದ ಪಕ್ಕದ ಕೋಣೆಯಲ್ಲಿ ಕಣ್ಣು ಪರೀಕ್ಷಿಸುವ ಮೌಲಾಲಿ ಕೆಲಸ ಶುರುಮಾಡಿದ್ದ. ಅವತ್ತು ಭೀಮಬಾಯಿಯೂ ಬಂದಿದ್ದಳು, ಸೇಡಂನಿಂದ ವಾಪಸು ಕಳಿಸಿದ್ದ ಅದೇ ಮುದುಕಿ. ಹನಿ ಹಾಕಿದ ಮೇಲೆ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಮೌಲಾಲಿಯ ದನಿ ಕೇಳಿಸಿತು.

"ಆಯಿ, ಕಣ್ ತೆಗಿ. ಸಾವಕಾಸ ತೆಗಿ, ಅಂಜಬ್ಯಾಡ."

ನಾನು ಈ ಸೀಮೆಯಲ್ಲಿ ಹುಟ್ಟಿದವಳು. ಬಾಗಿಲು ತೆಗಿ, ಬಾಯಿ ತೆಗಿ, ಪುಸ್ತಕ ತೆಗಿ ಎನ್ನುವುದನ್ನು ಕೇಳಿಯೇ ದೊಡ್ಡವಳಾದವಳು. ಐದು ಕಣ್ಣಿನ ಕೇಂದ್ರಗಳಲ್ಲಿ ಎರಡು ವಾರ ಕುಳಿತು, ಕಣ್ಣು ತೆಗೀರಿ ಎನ್ನುವುದನ್ನು ದಿನಕ್ಕೆ ನೂರು ಸಲ ಕೇಳಿದ್ದೆ. ಯಾರ ಕಣ್ಣನ್ನೂ ಯಾರೂ ಕಿತ್ತು ಹಾಕಿರಲಿಲ್ಲ. ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು.

ಶಾಂತಾಬಾಯಿಗೆ ಕುರ್ಚಿ ಬಿಟ್ಟುಕೊಟ್ಟು, ಭೀಮಬಾಯಿಯ ಕಾರ್ಡನ್ನು ನೋಡಬೇಕು, ನೀವು ದಿನಾ ಮಾಡುವಂತೆಯೇ ಮಾಡಿ ಎಂದೆ. ಅವರು ಇಂದಿನ ಪಟ್ಟಿಗೆ ಹೋದರು. ಹೆಸರನ್ನು ಆರಿಸಿಕೊಂಡರು. ಕೆಳಗಿನ ಮೂರು ಬಟನ್ನುಗಳನ್ನು ಎಡದಿಂದ ಬಲಕ್ಕೆ, ತುಟಿ ಅಲುಗಿಸುತ್ತ, ಒಂದೊಂದಾಗಿ ಓದಿದರು. ಹೆಸರಿನ ಕೆಳಗೆ ಬರೆದಿದ್ದ 'ವಿವರ' ಅವರಿಗೆ ಫಾರಮ್ಮುಗಳಲ್ಲಿ ಇರುವಂಥ ತಲೆಬರಹದಂತೆ ಕಂಡಿತ್ತು. 'ತಿದ್ದು' ಬೇಕಿರಲಿಲ್ಲ. 'ತೆಗೆ' ಒತ್ತಿದರು. ಯಂತ್ರ ನಾನು ಬರೆದುಕೊಟ್ಟ ಪ್ರಶ್ನೆಯನ್ನು ಕೇಳಿತು: 'ಈ ಕಾರ್ಡ್ ತೆಗೆಯಲೇ?' ಶಾಂತಾಬಾಯಿ "ಹೂಂ, ತೆಗಿಯಪ್ಪ" ಎಂದು ಅದಕ್ಕೆ ಮೆಲ್ಲಗೆ ಹೇಳಿ, 'ಹೌದು' ಒತ್ತಿ, ಕೈ ಮಡಿಲಲ್ಲಿಟ್ಟು ಕಾಯುತ್ತ ಕುಳಿತರು.

ಉಳಿದ ನಾಲ್ಕು ಕೇಂದ್ರಗಳಲ್ಲಿ ಹೀಗೆ ಯಾಕಾಗಲಿಲ್ಲ? ನಾಲ್ಕೂ ಕಡೆಗೆ ಅಲ್ಲಿಂದಲೇ ಫೋನು ಮಾಡಿ ಕೇಳಿದೆ. ಅವರು ಹೆಸರಿನ ಮೇಲೆ ಎರಡು ಸಲ ಟಕಟಕ ಒತ್ತಿ ಕಾರ್ಡು ತೆರೆಯುತ್ತಿದ್ದರು. ಬೇರೆ ಕಂಪ್ಯೂಟರುಗಳಿಂದ ಬಂದ ರೂಢಿ. ಕೆಳಗೆ ಬಟನ್ನುಗಳಿವೆಯಲ್ಲ ಎಂದರೆ, ಅವನ್ನು ನೋಡಿಯೇ ಇಲ್ಲ ಎಂದರು. ಎಂದರೆ ನಾನು ಅರ್ಧ ದಿನ ಕೂತು ಆರಿಸಿದ ಪದಗಳನ್ನು ಐವರಲ್ಲಿ ನಾಲ್ವರು ಓದಿರಲಿಲ್ಲ. ಓದಿದವರು ಒಬ್ಬರು. ಅವರು ಸರಿಯಾಗಿ ಓದಿದ್ದರು, ಕನ್ನಡದಲ್ಲಿ ಓದಿದ್ದರು. ತಪ್ಪಾಗಿ ಓದಿದವಳು ನಾನು. ಎಡಗಡೆಯ ಕಾಲಂನಲ್ಲಿದ್ದ ಇಂಗ್ಲಿಷ್ ಪದದ ಮೂಲಕ ಓದಿದ್ದರಿಂದ 'ತೆಗೆ'ಗೆ ನನ್ನ ಕಣ್ಣಿಗೆ ಒಂದೇ ಅರ್ಥ ಕಂಡಿತ್ತು. ನೆಲ ಡೊಂಕಾಗಿಯೇ ಇತ್ತು. ಆ ನೆಲ ಹಾಸಿದವಳು ನಾನೇ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನನಗೆ ಆ ಕ್ಷಣ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ಪದವನ್ನು ಸದ್ದಿಲ್ಲದೆ ಬದಲಿಸಿಬಿಡಬಹುದು. ಶಾಂತಾಬಾಯಿಗೆ ಇನ್ನೊಂದು ತರಬೇತಿ ಕೊಟ್ಟೆ, ಈಗ ಸುಧಾರಿಸಿದ್ದಾರೆ, ಮುಂದುವರಿಸಿ ಎಂದು ಜೋಶಿ ಸರ್‌ಗೆ ಹೇಳಬಹುದು. ಅವರ ಕೆಲಸ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹತ್ತು ನಿಮಿಷ ನಾನು ಈ ಲೆಕ್ಕ ಹಾಕುತ್ತ ಕುಳಿತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಉಪಾಯ ನನಗೆ ಬಹಳ ಹಿಡಿಸಿತ್ತು. ಆದರೆ ಎದುರಿಗೆ ಆ ನೋಟ್‌ಬುಕ್ ಇತ್ತು. 'ತೆಗೆದೆ. ಬರಲಿಲ್ಲ.' ಮೂವತ್ತೊಂದು ಸಲ ಒಬ್ಬರು ಸತ್ಯ ಬರೆದಿಟ್ಟಿದ್ದರು. ನಾನು ಎರಡು ವಾಕ್ಯ ಬರೆದು ಅದನ್ನು ಸುಳ್ಳು ಮಾಡಿದ್ದೆ. ನನಗೆ ನಾಚಿಕೆಯಾಯಿತು.

ಬಟನ್ನಿನ ಮೇಲೆ ಬರೆದದ್ದೇ ತಪ್ಪು, ಬರೆದವಳು ನಾನು, ನಿಮ್ಮಿಂದ ಏನೂ ತಪ್ಪಾಗಿಲ್ಲ ಎಂದು ಶಾಂತಾಬಾಯಿಗೆ ಹೇಳಿದೆ. ಜೋಶಿ ಸರ್‌ಗೆ ಈಗಲೇ ಫೋನು ಮಾಡುತ್ತೇನೆ ಎಂದೆ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ.

"ಫೋನಿನಾಗ ಬ್ಯಾಡ್ರಿ ಮೇಡಂ," ಎಂದರು. "ನೀವು ಬರದದ್ದು ಸೇಡಂದಾಗ ಎಲ್ಲಾರ ಮುಂದ ಓದ್ಯಾರ. ಅಲ್ಲೇ ಹೇಳ್ರಿ."

ಮುಂದಿನ ಶನಿವಾರಕ್ಕೆ ನಾನು ಮತ್ತೆ ಸಭೆ ಕರೆಸಿದೆ. ಯಾಕೆಂದು ಜೋಶಿ ಸರ್‌ಗೂ ಮೊದಲೇ ಹೇಳಲಿಲ್ಲ. ಹೇಳಿದ್ದರೆ, ನನ್ನ ತಂದೆಯ ಮುಖ ನೋಡಿ ಅವರು ಅದನ್ನು ಅಲ್ಲೇ ತಣ್ಣಗೆ ಮುಗಿಸಿಬಿಡುತ್ತಿದ್ದರೋ ಏನೋ. ಅದೇ ಕೋಣೆ, ಅದೇ ಜನ. ನನ್ನ ಮೊದಲಿನ ಎರಡು ವಾಕ್ಯವನ್ನು ಮೊದಲು ಓದಿದೆ. ಆಮೇಲೆ ಹೊಸ ಕಾಗದ ಓದಿದೆ: 'ತಂತ್ರಾಂಶದ ಬಟನ್ನಿನಲ್ಲಿ ದೋಷವಿದೆ. ಇದು ವಿನ್ಯಾಸ ಮಾಡಿದವಳ ತಪ್ಪು. ಬಳಕೆದಾರರು ಬರೆದದ್ದನ್ನು ಬರೆದಂತೆಯೇ ಓದಿದ್ದಾರೆ.' ಆಮೇಲೆ ಶಾಂತಾಬಾಯಿಯ ನೋಟ್‌ಬುಕ್ಕಿನ ಒಂದು ಪುಟ ಓದಿದೆ.

ಜೋಶಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅವರು ಕಿಟಕಿಯ ಕಡೆ ನೋಡಿದರು.

"ಅವತ್ತ ಕಿಡಕಿ ತೆಗೀರಿ ಅಂದವ ನಾನೇ. ಶಾಂತಾಬಾಯಿ ತೆಗದ್ರು. ಕಿಡಕಿ ಎಲ್ಲಿ ಹೋಗ್ಯದ? ಅಲ್ಲೇ ಅದ."

ಮೇಷ್ಟ್ರು ಎದ್ದು ನಿಂತು, ಎಲ್ಲರ ಮುಂದೆ ಶಾಂತಾಬಾಯಿಯ ಕ್ಷಮೆ ಕೇಳಿದರು. ಹಿಂದಿನ ಸಭೆಯ ತೀರ್ಮಾನವನ್ನು ರದ್ದು ಮಾಡಿ, ಹಾಗೆಂದು ಸಭೆಯ ಪುಸ್ತಕದಲ್ಲಿ ತಮ್ಮ ಕೈಯಿಂದಲೇ ಬರೆದರು. ಅವತ್ತು ಪಿಸುಗುಟ್ಟಿದವರು ಯಾರೆಂದು ನನಗೆ ಗೊತ್ತಿತ್ತು. ಅವರು ನೆಲ ನೋಡುತ್ತಿದ್ದರು.

ಪದವನ್ನು ಬದಲಿಸುವ ಕೆಲಸ ಉಳಿದಿತ್ತು. ಈ ಸಲ ಪದವನ್ನು ನಾನು ಆರಿಸಲಿಲ್ಲ. ರಿಜಿಸ್ಟರಿನಲ್ಲಿ ಹೆಸರು ಬೇಡವಾದರೆ ನೀವು ಏನನ್ನುತ್ತಿದ್ದಿರಿ ಎಂದು ಶಾಂತಾಬಾಯಿಯನ್ನು ಕೇಳಿದೆ. ಹೆಸರು ಹೊಡೆದುಹಾಕುವುದು ಎಂದರು. ನಾನೇ ನನ್ನ ಪದಪಟ್ಟಿಯಲ್ಲಿ 'ಅಳಿಸು' ಎಂಬುದನ್ನು ಹೊಡೆದುಹಾಕಿದ್ದು ನೆನಪಾಯಿತು. ಪದ ಕೈಯಲ್ಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ. 'ವಿವರ' ಹೋಗಿ 'ಕಾರ್ಡ್ ನೋಡು' ಬಂತು. 'ತೆಗೆ' ಹೋಗಿ 'ಹೆಸರು ಹೊಡೆದುಹಾಕು' ಬಂತು, ಅದೂ ಉಳಿದ ಬಟನ್ನುಗಳಿಂದ ದೂರ, ಬೇರೆ ಬಣ್ಣದಲ್ಲಿ. ಅದು ಎರಡು ಸಾಲಾಗಿ ಒಡೆಯಿತು, ಪರದೆಯ ಅಂದ ಕೆಟ್ಟಿತು. ಕೆಡಲಿ ಎಂದು ಬಿಟ್ಟೆ.

ಆಮೇಲೆ ಉಳಿದ ಪದಗಳನ್ನೂ ನಂಬಲಾಗಲಿಲ್ಲ. ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮಾತ್ರ ಬರೆದುಕೊಂಡು ಐದೂ ಊರು ಸುತ್ತಿದೆ. ಇದನ್ನು ಒತ್ತಿದರೆ ಏನಾಗುತ್ತದೆ ಎಂದು ಗುಮಾಸ್ತರನ್ನಷ್ಟೇ ಅಲ್ಲ, ಬೆಂಚಿನ ಮೇಲೆ ಕುಳಿತ ರೋಗಿಗಳ ಜೊತೆಗೆ ಬಂದವರನ್ನೂ ಕೇಳಿದೆ. ಬರೆದದ್ದನ್ನು ಜೋಪಾನ ಮಾಡುವ ಬಟನ್ನಿನ 'ಉಳಿಸು' ಎಂದರೆ ಊಟ ಉಳಿಸಿದಂತೆ ಬಿಟ್ಟುಬಿಡುವುದಾ ಎಂದು ಚಿಂಚೋಳಿಯಲ್ಲಿ ಒಬ್ಬರು ಕೇಳಿದರು. 'ಮುಗಿಸು' ಒತ್ತಿದರೆ ಕೆಲಸ ಪೂರ್ತಿಯಾದಂತೋ ಕಂಪ್ಯೂಟರ್ ಬಂದ್ ಆದಂತೋ ಎಂದು ಶಹಾಬಾದಿನಲ್ಲಿ ಇನ್ನೊಬ್ಬರು ಕೇಳಿದರು. ಒಂಬತ್ತು ಪದಗಳಲ್ಲಿ ನಾಲ್ಕನ್ನು ಬದಲಿಸಬೇಕಾಯಿತು.

ಎರಡನೆಯ ಸಭೆ ಮುಗಿದ ದಿನ ಶಾಂತಾಬಾಯಿಯನ್ನು ರೈಲು ಹತ್ತಿಸಲು ಸೇಡಂ ಸ್ಟೇಷನ್ನಿಗೆ ಹೋಗಿದ್ದೆ. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು ಅವರು ತಮ್ಮ ಚೀಲದೊಳಗಿನ ನೋಟ್‌ಬುಕ್ಕನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಕೆಲಸ ಉಳಿದದ್ದಕ್ಕೆ ಸಮಾಧಾನವಾಯಿತಲ್ಲ ಎಂದೆ. ಹೂಂ ಎಂದರು. ರೈಲು ಸಿಗ್ನಲ್ ದಾಟಿದ ಮೇಲೆ, ಎದ್ದು ನಿಂತು, ನನ್ನ ಕಡೆ ತಿರುಗಿ ಕೇಳಿದರು.

"ನಾ ಓದಿದ್ದು ತಪ್ಪಿಲ್ಲಲ್ರಿ ಮೇಡಂ? ಒಂದೂವರಿ ತಿಂಗಳಾತು, ನನಗ ಓದಾಕ ಬರಲ್ಲೇನೋ ಅಂದ್ಕೊಂಡಿದ್ದೆ."

ನನಗೆ ಆಗ ತಿಳಿಯಿತು. ನಾನು ಇಷ್ಟು ದಿನ ಅವರ ಕೆಲಸ ಹೋಗುತ್ತದೆ ಎಂದು ಚಿಂತಿಸಿದ್ದೆ. ಅವರು ಅದಕ್ಕಿಂತ ದೊಡ್ಡದೊಂದು ಹೋಯಿತೆಂದು ಹೆದರಿದ್ದರು. ಎರಡು ಮಕ್ಕಳ ತಾಯಿಯಾದ ಮೇಲೆ ಕಷ್ಟಪಟ್ಟು ಕಲಿತ ಅಕ್ಷರ ನನ್ನ ಒಂದು ಬಟನ್ನಿನ ಮುಂದೆ ಕೈಕೊಟ್ಟಿತು ಎಂದು ನಂಬಿದ್ದರು. ತಪ್ಪಿಲ್ಲ ಬಾಯಿ, ಓದಿದವರು ನೀವೊಬ್ಬರೇ ಎಂದೆ. ರೈಲಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಹೇಳಿದೆ. ಅವರು ನಕ್ಕು ಹತ್ತಿ ಹೋದರು.

ಆಮೇಲೆ ಎರಡು ವರ್ಷ ಇದೇ ಕೆಲಸ ಮಾಡಿ ನಾನು ನಿಲ್ಲಿಸಿದೆ. ಈಗಲೂ ಹೊಸಬರು ಯಾರಾದರೂ ತಮ್ಮ ಪದಪಟ್ಟಿ ತಂದು ತೋರಿಸುತ್ತಾರೆ. ನಾನು ಮೊದಲು ಎಡಗಡೆಯ ಕಾಲಂ ಮೇಲೆ ಅಂಗೈ ಇಟ್ಟು ಮುಚ್ಚುತ್ತೇನೆ, ಆಮೇಲೆ ಓದಲು ಹೇಳುತ್ತೇನೆ. ಮೆನು ಸರಳವಾಗುವುದು ಪದ ಚಿಕ್ಕದಾಗುವುದರಿಂದ ಅಲ್ಲ, ಓದಿದವರಿಗೆ ಬೇರೆ ಅರ್ಥ ಉಳಿಯದಂತೆ ಬರೆಯುವುದರಿಂದ ಎಂದೂ ಹೇಳುತ್ತೇನೆ. ಹೇಳಲು ಕಷ್ಟವಾಗುವ ಇನ್ನೊಂದು ಮಾತಿಗೆ ನನ್ನ ಕಡತದಲ್ಲಿರುವ ಆ ಎರಡು ವಾಕ್ಯದ ಕಾಗದವನ್ನು ತೋರಿಸುತ್ತೇನೆ. 'ಬಳಕೆದಾರರ ತಪ್ಪು' ಎಂದಿದೆ. ಕೆಳಗಿರುವುದು ನನ್ನ ಸಹಿ.